ಮಳೆಗಾಲದ ಕೌದಿ

ಮಡಿಕೇರಿಯಲ್ಲಿ ವರ್ಷಕ್ಕೆ ಎರಡೇ ಋತು ಎಂದು, ನಾವು ಇಲ್ಲಿಗೆ ಬಂದ ಹೊಸತರಲ್ಲಿ ಯಾರೋ ನನಗೆ ಹೇಳಿದ್ದರು: ಒಂದು ಮಳೆ ಬರುವ ಋತು, ಇನ್ನೊಂದು ಬಂದ ಮಳೆಯನ್ನು ಕುರಿತು ಮಾತನಾಡುವ ಋತು. ತಮಾಷೆಯ ಮಾತಾದರೂ ಅದರಲ್ಲಿ ಸುಳ್ಳು ಹೆಚ್ಚಿಲ್ಲ. ವರ್ಷಕ್ಕೆ ನೂರು ಅಂಗುಲಕ್ಕೂ ಮೀರಿ ಮಳೆ ಸುರಿಯುವ ಊರಿದು. ಜೂನ್ ತಿಂಗಳಲ್ಲಿ ಮುಚ್ಚಿದ ಕಿಟಕಿಯನ್ನು ಸೆಪ್ಟೆಂಬರಿನಲ್ಲಿ, ಕೈಲ್ ಮುಹೂರ್ತದ ಹಬ್ಬ ಕಳೆದ ಮೇಲೆ ತೆರೆದರಾಯಿತು. ಅಷ್ಟರ ನಡುವೆ ಉಪ್ಪು ನೀರಾಗುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಬೆಂಕಿಪೆಟ್ಟಿಗೆಯನ್ನು ಎಳೆ ಮಗುವಿನಂತೆ ಒಲೆಯ ಮಗ್ಗುಲಲ್ಲಿ ಮಲಗಿಸಬೇಕಾಗುತ್ತದೆ. ಆಗೆಲ್ಲ ಒಗೆದ ಬಟ್ಟೆಯನ್ನು ಕೆಂಡದ ಅಗ್ಗಿಷ್ಟಿಕೆಯ ಮೇಲೆ ಬಿದಿರ ಬುಟ್ಟಿ ಕವುಚಿ, ಅದರ ಮೇಲೆ ಹರಡಿ ಒಣಗಿಸುತ್ತಿದ್ದೆವು. ಶಾಲೆಗೆ ಹೋಗುವ ಮಕ್ಕಳೆಲ್ಲರ ಮೈಯಲ್ಲೂ ಒಂದೇ ಹೊಗೆಯ ವಾಸನೆ. ಇಂಥ ಊರಿನಲ್ಲಿ ಮನೆಯೊಳಗೆ ಕುಳಿತ ಹೆಂಗಸು ನಾಲ್ಕು ತಿಂಗಳು ಏನು ಮಾಡಬೇಕು? ನಾವು ಕೌದಿ ಹೊಲಿದೆವು. ಮೂವತ್ತು ವರ್ಷಗಳಿಗೂ ಮೇಲಾಯಿತು; ಇನ್ನೂ ಹೊಲಿಯುತ್ತಿದ್ದೇವೆ.

ಕೌದಿ ಎಂದರೇನೆಂದು ಧಾರವಾಡ, ಗದಗ, ವಿಜಯಪುರದ ಕಡೆಯ ವಾಚಕರಿಗೆ ಹೇಳುವುದು ಬೇಡ. ಅಲ್ಲಿ ಕೌದಿಯ ಮೇಲೆ ಹುಟ್ಟದ ಕೂಸಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಉಟ್ಟು ಹಳತಾದ ಸೀರೆ, ಧೋತರ, ಅಂಗಿಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಉದ್ದಕ್ಕೂ ಕೈಹೊಲಿಗೆ ಹಾಕಿ ಮಾಡಿದ ಹಾಸುವ ಹೊದೆಯುವ ವಸ್ತು. ಹಳಗನ್ನಡದವರು ಇದನ್ನೇ ಬೊಂತೆ ಎಂದರು. 'ಕಂತೆಗೆ ತಕ್ಕ ಬೊಂತೆ' ಎಂದು ನಾವು ಈಗಲೂ ಹೀಯಾಳಿಸುವಾಗ ಬಳಸುವ ಗಾದೆಯಲ್ಲಿ ಕುಳಿತಿರುವುದು ಈ ಬಡ ಕೌದಿಯೇ. ಆದರೆ ಬೊಂತೆಗೆ ಒಳ್ಳೆಯ ಕಾಲವೂ ಒಂದಿತ್ತು. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಬೊಂತಾದೇವಿ ಎಂಬಾಕೆ ಇದ್ದಳು. ರಾಜಕುಮಾರಿಯಾಗಿದ್ದವಳು ಎಲ್ಲವನ್ನೂ, ಉಟ್ಟ ಬಟ್ಟೆಯನ್ನೂ ಬಿಟ್ಟು ಹೊರಟಾಗ ಶಿವನೇ ಒಂದು ಬೊಂತೆ ಕೊಟ್ಟನೆಂದೂ ಅದರಿಂದ ಆ ಹೆಸರು ಬಂದಿತೆಂದೂ ಕಥೆ. ಶಿವನಿಗೆ ಪಟ್ಟೆ ಪೀತಾಂಬರ ಸಿಗಲಿಲ್ಲವೇ ಎಂದು ಕೇಳಬಾರದು. ಎಲ್ಲ ಬಿಟ್ಟು ಬಂದವಳಿಗೆ ಯಾವುದು ಬೆಚ್ಚಗೆಂದು ಅವನಿಗೆ ಗೊತ್ತಿತ್ತು.

ನಮ್ಮ ಯಜಮಾನರಿಗೆ ಮಡಿಕೇರಿಗೆ ವರ್ಗವಾದದ್ದು 1986ರಲ್ಲಿ. ಮೂರು ವರ್ಷ ಇದ್ದು ಹೋಗುವುದೆಂದು ಬಂದವರು ಇಲ್ಲಿಯವರೇ ಆಗಿಬಿಟ್ಟೆವು. 1991ರಲ್ಲಿ ಮಾವನವರು ತೀರಿಕೊಂಡ ಮೇಲೆ ಅತ್ತೆ ಗದಗದ ಸೀಮೆಯಿಂದ ನಮ್ಮಲ್ಲಿಗೆ ಬಂದರು. ಬರುವಾಗ ಅವರು ತಂದದ್ದು ಒಂದು ಟ್ರಂಕು, ಒಂದು ಕೌದಿಗಂಟು. ಬಿಸಿಲಿನ ನಾಡಿನಿಂದ ಬಂದ ಜೀವಕ್ಕೆ ಇಲ್ಲಿಯ ಮಳೆ ಮೊದಲ ವಾರ ಸೋಜಿಗವಾಯಿತು, ಎರಡನೆಯ ವಾರ ಬೇಸರವಾಯಿತು, ಮೂರನೆಯ ವಾರ ಸಿಟ್ಟೇ ಬಂದಿತು. "ಇದೇನವ್ವಾ, ನಿಮ್ಮೂರಾಗ ಆಕಾಶಕ್ಕ ಮಾಡಾಕ ಬ್ಯಾರೆ ಕೆಲಸ ಇಲ್ಲೇನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಟ್ರಂಕು ತೆರೆದು, ಮಾವನವರ ಎಂಟು ಧೋತರಗಳನ್ನು ಹೊರಗೆ ತೆಗೆದು ನೆಲಕ್ಕೆ ಹಾಸಿದರು. ಅವನ್ನು ಯಾರಿಗಾದರೂ ದಾನ ಕೊಟ್ಟುಬಿಡೋಣವೆಂದು ನಾವು ಮಾತನಾಡಿಕೊಂಡಿದ್ದೆವು. ಅತ್ತೆ ಆ ಮಳೆಗಾಲವಿಡೀ ಅಳಲಿಲ್ಲ, ಹೊಲಿದರು. ನಾನು ಕಲಿತದ್ದು ಆ ಕೌದಿಯ ಅಂಚಿನಲ್ಲಿ ಕುಳಿತು.

ಕೌದಿ ಹೊಲಿಯುವುದು ಕಷ್ಟದ ವಿದ್ಯೆಯಲ್ಲ, ಆದರೆ ಅವಸರದ್ದೂ ಅಲ್ಲ. ಕೆಳಗೆ ಒಂದು ಗಟ್ಟಿ ಸೀರೆ, ನಡುವೆ ಮೆತ್ತಗಾದ ಧೋತರದ ಪದರ, ಮೇಲೆ ತುಂಡುಗಳು. ಸೂಜಿ ಗೋಣಿಚೀಲದ ದಬ್ಬಣಕ್ಕಿಂತ ಸಣ್ಣದು, ಅಂಗಿ ಹೊಲಿಯುವ ಸೂಜಿಗಿಂತ ದೊಡ್ಡದು. ಅಂಚಿನಿಂದ ಹಿಡಿದು ಸುತ್ತ ಹೊಲಿಯುತ್ತ ಒಳಕ್ಕೆ ಸರಿಯಬೇಕು. ನಡುವಿನಿಂದ ಹೊರಟರೆ ಬಟ್ಟೆ ಗುಬ್ಬಳಿಸಿಕೊಳ್ಳುತ್ತದೆ. ದಾರ ಭುಜದಿಂದ ಬೆರಳ ತುದಿಯವರೆಗೆ, ಅದಕ್ಕಿಂತ ಉದ್ದ ಬೇಡ. ಉದ್ದವಾದರೆ ಗಂಟು ಬೀಳುತ್ತದೆ. ಒಂದು ಸಾಲಿಗೂ ಇನ್ನೊಂದು ಸಾಲಿಗೂ ಬೆರಳಗಲ. ಹೀಗೆ ಸುತ್ತಿ ಸುತ್ತಿ ನಡುವಿಗೆ ಬಂದಾಗ ಅಂಗೈಯಷ್ಟು ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅಲ್ಲಿ ಕೊನೆಯ ತುಂಡನ್ನು ಹಚ್ಚುವ ಮೊದಲು ನಾಲ್ಕು ಕಾಳು ಅಕ್ಕಿಯನ್ನೋ ಜೋಳವನ್ನೋ ಒಳಗಿಟ್ಟು ಹೊಲಿಯುವುದು ನಮ್ಮ ಅತ್ತೆಯವರ ಕ್ರಮ. "ಕೌದಿ ಹೊಟ್ಟಿ ಖಾಲಿ ಇರಬಾರದವ್ವ. ಅದು ಹಸದಿದ್ರ ಹೊಚ್ಚಿಕೊಂಡವರಿಗೆ ನಿದ್ದಿ ಹೆಂಗ ಬರಬೇಕು?" ಎನ್ನುತ್ತಿದ್ದರು.

ಆದರೆ ಗದಗದ ವಿದ್ಯೆಯನ್ನು ಮಡಿಕೇರಿ ಸುಮ್ಮನೆ ಒಪ್ಪಲಿಲ್ಲ. ಅಲ್ಲಿ ಕೌದಿಯನ್ನು ಹಳ್ಳಕ್ಕೆ ಒಯ್ದು ಒಗೆದು ಬಂಡೆಗೆ ಹರಡಿದರೆ ಊಟ ಮಾಡಿ ಬರುವಷ್ಟರಲ್ಲಿ ಒಣಗಿ ಗರಿಗರಿ. ಇಲ್ಲಿ ಅತ್ತೆ ಮೊದಲ ವರ್ಷ ಮಳೆ ಹೊಳವಾದ ಒಂದು ದಿನ ನಂಬಿ ಕೌದಿ ನೆನೆಸಿಬಿಟ್ಟರು. ನೀರು ಕುಡಿದ ಕೌದಿಯನ್ನು ಎತ್ತಲು ನಾವು ಮೂವರು ಬೇಕಾಯಿತು. ಅದು ಜಗಲಿಯ ಗಳುವಿನ ಮೇಲೆ ಸತ್ತ ಪ್ರಾಣಿಯಂತೆ ಹದಿನೇಳು ದಿನ ಜೋತುಬಿದ್ದು, ಕೊನೆಗೆ ಅಡುಗೆ ಮನೆಯ ಅಟ್ಟ ಸೇರಿತು. ಅಂದಿನಿಂದ ನಮ್ಮ ಪಂಚಾಂಗಕ್ಕೆ ಹೊಸ ಕಟ್ಟಳೆ ಬಂದಿತು: ಕೌದಿ ಒಗೆತ ಶಿವರಾತ್ರಿಯ ಆಸುಪಾಸಿಗೆ, ಹೊಲಿಗೆ ಮಳೆಗಾಲಕ್ಕೆ.

ಆ ಜೋತುಬಿದ್ದ ಕೌದಿಯೇ ನಮಗೆ ಗೆಳತಿಯರನ್ನು ತಂದುಕೊಟ್ಟದ್ದು. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿ, ಇದೇನೆಂದು ಕೇಳುವವರೇ. ಮೊದಲು ಬಂದವರು ದಿಣ್ಣೆಯ ಮೇಲಿನ ಮನೆಯ ಕೊಡವ ಹೆಂಗಸು; ನನಗಿಂತ ಹತ್ತು ವರ್ಷಕ್ಕೆ ಹಿರಿಯರು, ನಾನು ಅಕ್ಕ ಎನ್ನುತ್ತೇನೆ. ಅವರ ಬೆನ್ನಿಗೆ ಹೈಸ್ಕೂಲಿನ ಟೀಚರು. ಆಮೇಲೆ ಅಂಚೆ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವರು. ಅವರಿಗೆ ನಮ್ಮಲ್ಲಿ ಅಂಚೆಯಮ್ಮ ಎಂದೇ ಹೆಸರು. ಮಹದೇವಪೇಟೆಯ ದರ್ಜಿಯ ಹೆಂಡತಿ ಆಪಾ ತಮ್ಮ ಅಂಗಡಿಯ ಕತ್ತರಿ ತುಂಡುಗಳನ್ನು ಚೀಲ ತುಂಬ ಹೊತ್ತು ಬಂದರು. ಕೂಟದ ಐಶ್ವರ್ಯ ಹೆಚ್ಚಿತು. ಕೊನೆಗೆ ಸೇರಿದವಳು ಮಕ್ಕಂದೂರಿನ ಕಡೆಯ ಗೌಡರ ಹುಡುಗಿ. ಮಕ್ಕಳ ಓದಿಗಾಗಿ ಕೆಲವು ವರ್ಷ ನಮ್ಮ ಪಕ್ಕದಲ್ಲಿ ಬಾಡಿಗೆಗೆ ಇದ್ದು, ಆಮೇಲೆ ತೋಟಕ್ಕೆ ಹಿಂದಿರುಗಿದವಳು. ಹಿಂದಿರುಗಿದ ಮೇಲೂ ಬುಧವಾರ ಮಧ್ಯಾಹ್ನದ ಬಸ್ಸಿಗೆ ಬರುವುದನ್ನು ಬಿಡಲಿಲ್ಲ. ಬುಧವಾರ ಎರಡು ಗಂಟೆಯಿಂದ ಐದರ ತನಕ, ಬೆಲ್ಲದ ಕಾಫಿಯೊಡನೆ, ನಮ್ಮ ಪಡಸಾಲೆಯ ನೆಲದ ಮೇಲೆ. ಸಂಘವೆಂದು ಹೆಸರಿಲ್ಲ, ಚಂದಾ ಇಲ್ಲ, ಅಧ್ಯಕ್ಷಿಣಿಯಂತೂ ಇಲ್ಲವೇ ಇಲ್ಲ. ಇಷ್ಟು ದಿನ ಒಡೆಯದೆ ಉಳಿದದ್ದಕ್ಕೆ ಅದೇ ಕಾರಣವಿರಬಹುದು.

ಜಗಳ ಮಾತ್ರ ಇತ್ತು. ಮೊದಲ ದೊಡ್ಡ ಜಗಳ ಕಪ್ಪು ಬಟ್ಟೆಯದು. ಅಕ್ಕ ತಮ್ಮ ತಂದೆಯವರ ಹಳೆಯ ಕುಪ್ಯವನ್ನು ತಂದಿದ್ದರು. ಕೊಡವ ಗಂಡಸರು ಹಬ್ಬ ಮದುವೆಗಳಲ್ಲಿ ತೊಡುವ, ಮೊಣಕಾಲಿಗೆ ಇಳಿಯುವ ಆ ನಿಲುವಂಗಿ ಕಪ್ಪಗಿರುತ್ತದೆ. ಮದುಮಗನದು ಮಾತ್ರ ಬಿಳಿ. ಟೀಚರ ಮಗಳ ಬಾಣಂತನಕ್ಕೆಂದು ಹೊಲಿಯುತ್ತಿದ್ದ ಕೌದಿಗೆ ಕರಿ ಬಟ್ಟೆಯೇ ಎಂದು ಅತ್ತೆ ಕೈ ಹಿಂದೆಗೆದುಕೊಂಡರು. "ನಿಮಗೆ ಅದು ಅಶುಭ ಇರಬಹುದಮ್ಮ. ನಮ್ಮಲ್ಲಿ ಕುಪ್ಯ ಹಾಕದೆ ಒಂದು ಶುಭವೂ ನಡೆಯೋದಿಲ್ಲ" ಎಂದರು ಅಕ್ಕ. ಇಬ್ಬರೂ ಸೋಲುವವರಲ್ಲ. ಅರ್ಧ ಗಂಟೆ ಮಳೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕೊನೆಗೆ ಅತ್ತೆ ಆ ಬಟ್ಟೆಯನ್ನು ಎತ್ತಿ, ಬೆಳಕಿಗೆ ಹಿಡಿದು, ನೇಯ್ಗೆ ನೋಡಿ, "ನಿಮ್ಮಪ್ಪ ಎತ್ತರ ಆಳಿದ್ರೇನು?" ಎಂದು ಕೇಳಿದರು. ಅಕ್ಕ ತಂದೆಯವರ ಕಥೆ ಹೇಳತೊಡಗಿದರು. ಕಥೆ ಮುಗಿಯುವಾಗ ಕಪ್ಪು ತುಂಡು ಕೌದಿಯ ನಾಲ್ಕು ಮೂಲೆಯಲ್ಲೂ ಕುಳಿತಿತ್ತು. ಆ ದಪ್ಪ ಬಟ್ಟೆಗೆ ಮೂರು ಸೂಜಿ ಮುರಿದವು. ಹೊದ್ದು ಬೆಳೆದ ಮಗು ಈಗ ಇಂಜಿನಿಯರಿಂಗ್ ಮುಗಿಸಿದ್ದಾನೆ.

ಇಷ್ಟು ವರ್ಷಗಳಲ್ಲಿ ನಾನು ಕಂಡುಕೊಂಡ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಎದುರುಬದುರು ಕುಳಿತು ಹೇಳಲಾಗದ ಮಾತನ್ನು ಪಕ್ಕಪಕ್ಕ ಕುಳಿತು ಹೇಳಬಹುದು. ಕಣ್ಣು ಬಟ್ಟೆಯ ಮೇಲಿದ್ದರೆ, ಕೈಗೆ ಕೆಲಸವಿದ್ದರೆ, ನಾಲಿಗೆಯ ಸಂಕೋಚ ಸಡಿಲುತ್ತದೆ. ಕೇಳುವವರೂ ತಲೆಯೆತ್ತುವುದಿಲ್ಲ, ಆದುದರಿಂದ ಹೇಳಿದವರಿಗೆ ಯಾರ ಮುಖದ ಕನಿಕರವನ್ನೂ ನೋಡುವ ಕಷ್ಟವಿಲ್ಲ. ಬುದ್ಧಿವಾದ ಹೇಳಬೇಕೆನಿಸಿದರೆ ದಾರ ಮುಗಿಯುವ ತನಕ ಸುಮ್ಮನಿರಬೇಕೆಂಬುದು ನಮ್ಮ ಅಲಿಖಿತ ನಿಯಮ. ಭುಜದುದ್ದದ ದಾರ ಮುಗಿಯುವಷ್ಟರಲ್ಲಿ ಬಹಳಷ್ಟು ಬುದ್ಧಿವಾದ ತಾನಾಗಿಯೇ ಕರಗಿಹೋಗುತ್ತದೆ.

2001-02ರ ಸುಮಾರಿಗೆ ಕಾಫಿಯ ಬೆಲೆ ನೆಲ ಕಚ್ಚಿದಾಗ, ಅದರ ಜೊತೆಗೆ ಬಿಳಿ ಕಾಂಡಕೊರಕ ಹುಳು ಅರೇಬಿಕಾ ಗಿಡಗಳನ್ನು ತಿಂದಾಗ, ಅಕ್ಕನ ಮನೆಯಲ್ಲಿ ಬ್ಯಾಂಕಿನ ಕಾಗದಗಳು ಬರತೊಡಗಿದ ಸಂಗತಿ ನಮಗೆ ತಿಳಿದದ್ದು ಕೌದಿಯ ಮೇಲೆ. ತೋಟದ ಅರ್ಧ ಮಾರಬೇಕಾದುದನ್ನು ಅವರು ಅಕ್ಕಿಯ ಬೆಲೆ ಹೇಳುವ ದನಿಯಲ್ಲೇ ಹೇಳಿದರು. ಟೀಚರ ಎರಡನೆಯ ಮಗಳು ಗಂಡನ ಮನೆ ಬಿಟ್ಟು ಬಂದದ್ದು, ಸಿದ್ಧ ಉಡುಪಿನ ಅಂಗಡಿಗಳು ಬಂದ ಮೇಲೆ ಆಪಾರ ಗಂಡ ಹೊಲಿಗೆ ಯಂತ್ರಗಳಲ್ಲಿ ಎರಡನ್ನು ಮಾರಿದ್ದು, ಅಂಚೆಯಮ್ಮನ ಎದೆಯಲ್ಲಿ ಗಂಟು ಕಂಡು ಅವರು ಮೈಸೂರಿಗೆ ಓಡಾಡಿದ್ದು, ಎಲ್ಲ ಹಾಗೆಯೇ. ಯಾವುದನ್ನೂ ನಾವು ಪರಿಹರಿಸಲಿಲ್ಲ. ಮುಂದಿನ ಬುಧವಾರ ಬಂದಾಗ ಅವರವರ ಜಾಗ ಅವರವರಿಗೆ ಇತ್ತು, ಅಷ್ಟೆ.

ನಮ್ಮ ಮನೆಯ ಸರದಿ ಬಂದದ್ದು 2016ರಲ್ಲಿ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಮಗ ತಾನು ಮೆಚ್ಚಿದ ಹುಡುಗಿಯನ್ನು ಮದುವೆಯಾಗುವುದಾಗಿ ಹೇಳಿದ. ಹುಡುಗಿ ಬೇರೆ ಜಾತಿ, ಬೇರೆ ಭಾಷೆ. ನಮ್ಮ ಯಜಮಾನರು ಕೂಗಾಡುವ ಜಾತಿಯವರಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು, ಅವರು ಸುಮ್ಮನಾಗಿಬಿಟ್ಟರು. ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ನಡೆಯಿತು. ನಾನೊಬ್ಬಳೇ ಬಸ್ಸು ಹಿಡಿದು ಹೋಗಿ ಅಕ್ಷತೆ ಹಾಕಿ ಬಂದೆ. ಹದಿನಾಲ್ಕು ತಿಂಗಳು ಈ ಮನೆಯಲ್ಲಿ ಮಗನ ಹೆಸರು ಗಂಡಸಿನ ಬಾಯಿಂದ ಬರಲಿಲ್ಲ. ಟೆಲಿಫೋನು ಬಂದರೆ ಅವರು ಎದ್ದು ಜಗಲಿಗೆ ಹೋಗಿ ಮಳೆ ನೋಡುತ್ತ ನಿಲ್ಲುವರು. ಮಳೆ ಇಲ್ಲದ ದಿನವೂ ನಿಲ್ಲುವರು.

2017ರ ಮಳೆಗಾಲದಲ್ಲಿ ನಾವು ಆ ಹುಡುಗಿಗೊಂದು ಕೌದಿ ಹಿಡಿದೆವು. ಯಾರಿಗೆಂದು ಮನೆಯಲ್ಲಿ ಹೇಳಿರಲಿಲ್ಲ, ಹೇಳುವುದೂ ಬೇಕಿರಲಿಲ್ಲ. ಒಂದು ಬುಧವಾರ ಬೆಳಿಗ್ಗೆ ನೋಡಿದರೆ ಬಟ್ಟೆಬುಟ್ಟಿಯ ಮೇಲೆ ನೀಲಿ ಚೌಕುಳಿಯ ಅಂಗಿಯೊಂದು ಇಸ್ತ್ರಿಯ ಮಡಿಕೆಯೊಡನೆ ಕುಳಿತಿದೆ. ಮಗ ತನ್ನ ಮೊದಲ ಸಂಬಳದಲ್ಲಿ ತಂದೆಗೆ ಕೊಂಡು ತಂದ ಅಂಗಿ. ವಿಶೇಷಕ್ಕೆ ಇರಲೆಂದು ಅವರು ಅದನ್ನು ಒಮ್ಮೆಯೂ ತೊಟ್ಟಿರಲಿಲ್ಲ.

ಆ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಸೂಜಿಗಳೆಲ್ಲ ನಿಂತುಬಿಟ್ಟವು. ಇದರ ಅರ್ಥವೇನು? ಈ ಅಂಗಿ ಇನ್ನು ನನಗೆ ಬೇಡ, ಹರಿದುಹಾಕಿ ಎಂದೋ? ಅಥವಾ ಆ ಕೌದಿಯಲ್ಲಿ ನನ್ನದೂ ಒಂದು ತುಂಡು ಇರಲಿ ಎಂದೋ? ಟೀಚರು ಮೊದಲನೆಯ ಪಕ್ಷ, ಆಪಾ ಎರಡನೆಯ ಪಕ್ಷ. ಅಂಚೆಯಮ್ಮ ಎರಡೂ ಇರಬಹುದೆಂದರು. ಹೋಗಿ ಕೇಳಿಬಿಡಿ ಎಂದಳು ಮಕ್ಕಂದೂರಿನವಳು, ಅವಳಿನ್ನೂ ಚಿಕ್ಕವಳು. ಗಂಡಸರನ್ನು ಕೇಳಿದರೆ ಇಲ್ಲದ ಅರ್ಥವೂ ಹುಟ್ಟಿಕೊಳ್ಳುತ್ತದೆಂದು ಅಕ್ಕ ತಡೆದರು. ಒಂದು ವಾರ ಅಂಗಿ ಹಾಗೆಯೇ ಇತ್ತು. ಮುಂದಿನ ಬುಧವಾರ ಅತ್ತೆ ಕತ್ತರಿ ಕೈಗೆತ್ತಿಕೊಂಡರು. ಆಗ ಅವರಿಗೆ ಎಂಬತ್ತರ ಹತ್ತಿರ. ಹೆಸರುಗಳು ಮರೆಯಲಾರಂಭಿಸಿದ್ದವು, ಬಟ್ಟೆ ಮರೆತಿರಲಿಲ್ಲ. ಕಾಲರು ಕತ್ತರಿಸಿದರು, ತೋಳು ಬಿಡಿಸಿದರು. ಎದೆಯ ಮೇಲಿನ ಜೇಬನ್ನು ಮಾತ್ರ ಬಿಚ್ಚದೆ, ಜೇಬಿನ ಸಮೇತ ಚೌಕ ಕತ್ತರಿಸಿ ಕೌದಿಯ ಮೇಲ್ತುದಿಗೆ ಇಟ್ಟರು. "ಜೇಬು ಇರಲಿ. ಏನರ ಇಟ್ಟುಕೊಳ್ಳಾಕ ಬರತೈತಿ" ಎಂದರು.

ಕೌದಿ ದಸರೆಯ ಮೊದಲು ಬೆಂಗಳೂರಿಗೆ ಹೋಯಿತು. ಅದು ತಲುಪಿದ ರಾತ್ರಿ ಮಗನ ಫೋನು ಬಂದಿತು. ಆ ನೀಲಿ ಬಟ್ಟೆ ಯಾವುದಮ್ಮ ಎಂದು ಕೇಳಿದ, ನಾನು ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಅಪ್ಪನಿಗೆ ಕೊಡು ಎಂದ. ಯಜಮಾನರು ಜಗಲಿಗೆ ಹೊರಟಿದ್ದವರು ನಿಂತರು. ಮಾತು ಎರಡು ನಿಮಿಷ ನಡೆದಿರಬೇಕು. ಇತ್ತ ಕಡೆಯದು ಮಾತ್ರ ನನಗೆ ಕೇಳಿಸಿತು: "ಹ್ಞೂ... ಇಲ್ಲಿ ಇನ್ನೂ ಬಿಟ್ಟಿಲ್ಲ... ಅಲ್ಲಿ ಮಳೆ ಹೇಗೆ?" ಮಡಿಕೇರಿಯಲ್ಲಿ ಮಳೆಯ ವಿಷಯ ಕೇಳಿದರೆಂದರೆ ಎಲ್ಲ ಕೇಳಿದ ಹಾಗೆ. ಅಂಗಿಯನ್ನು ಬುಟ್ಟಿಯ ಮೇಲೆ ಯಾವ ಅರ್ಥದಲ್ಲಿ ಇಟ್ಟಿದ್ದರೆಂದು ನಾನು ಈವರೆಗೂ ಕೇಳಿಲ್ಲ.

ಮರುವರ್ಷದ ಮಳೆ ಬೇರೆಯದೇ ಆಗಿತ್ತು. 2018ರ ಆಗಸ್ಟ್ ತಿಂಗಳನ್ನು ಕೊಡಗಿನವರು ಮರೆಯುವಂತಿಲ್ಲ. ಕಕ್ಕಡದ ಹದಿನೆಂಟರಂದು, ಅಂದರೆ ಆಗಸ್ಟ್ ಮೂರಕ್ಕೆ, ಅಕ್ಕ ಎಂದಿನಂತೆ ಮದ್ದುಸೊಪ್ಪಿನ ಪಾಯಸ ಮಾಡಿ ಎಲ್ಲರಿಗೂ ಹಂಚಿದ್ದರು. ಆಗಸ್ಟ್ 15 ಬುಧವಾರವಾಗಿತ್ತು. ಆ ದಿನ ಯಾರೂ ಬರಲಿಲ್ಲ. ಮಳೆಯ ಸದ್ದೇ ಬದಲಾಗಿತ್ತು. ಹೆಂಚಿನ ಮೇಲೆ ನೀರು ಬೀಳುವಂತಲ್ಲ, ಯಾರೋ ಮಣ್ಣು ಸುರಿಯುತ್ತಿರುವಂತೆ. ಮುಂದಿನ ಎರಡು ದಿನಗಳಲ್ಲಿ ಮಕ್ಕಂದೂರು, ಜೋಡುಪಾಲ, ಹೆಬ್ಬೆಟ್ಟಗೇರಿಯ ಕಡೆಗಳಲ್ಲಿ ಗುಡ್ಡಗಳು ಮೇಲಿದ್ದ ಕಾಫಿ, ಮರ, ಮನೆ, ದಾರಿಯ ಸಮೇತ ಕೆಳಗಿಳಿದವು. ಮಂಗಳೂರಿನ ರಸ್ತೆ ತುಂಡಾಯಿತು. ವಿದ್ಯುತ್ತಿಲ್ಲ, ಫೋನಿಲ್ಲ. ಸೇನೆಯವರು ಹಗ್ಗ ಕಟ್ಟಿ ಜನರನ್ನು ದಾಟಿಸಿದರು. ಸಾವಿರಾರು ಜನ ಶಿಬಿರಗಳನ್ನು ಸೇರಿದರು.

ನಮ್ಮ ಮಕ್ಕಂದೂರಿನವಳು ಬದುಕಿದ್ದಾಳೆಂದು ತಿಳಿಯಲು ನಮಗೆ ನಾಲ್ಕು ದಿನ ಬೇಕಾಯಿತು. ಗಂಡ, ಮಕ್ಕಳು, ಅತ್ತೆಯೊಡನೆ ಬೆಳಗಿನ ಜಾವ ಉಟ್ಟ ಬಟ್ಟೆಯಲ್ಲಿ ಹೊರಟು, ಕಾಡಿನ ಏರಿಯ ಮೇಲೆ ನಡೆದು ಬಂದಿದ್ದರು. ಅವರ ಹಿಂದೆ ಮನೆ ಹೋಯಿತು, ಮೂರು ಎಕರೆ ತೋಟ ಹೋಯಿತು. ನಾವು ಶಿಬಿರಕ್ಕೆ ಹೋದಾಗ ಅವಳು ಚಾಪೆಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ಕ್ಯಾಮೆರಾ ಹಿಡಿದವರು ಬಂದು ಕೇಳಿದರು, ಅಧಿಕಾರಿಗಳು ಬಂದು ಕೇಳಿದರು, ನೆಂಟರು ಬಂದು ಕೇಳಿದರು. ಅವಳು ಯಾರಿಗೂ ಬಾಯಿ ಬಿಡಲಿಲ್ಲ. ನಮ್ಮನ್ನು ನೋಡಿ ತಲೆಯಾಡಿಸಿದಳು, ಅಷ್ಟೆ.

ಶಿಬಿರದ ಮೂಲೆಯಲ್ಲಿ ಬಟ್ಟೆಯ ರಾಶಿಯೊಂದಿತ್ತು. ನಾಡಿನ ನಾಲ್ಕೂ ಕಡೆಯಿಂದ ಉದಾರಿಗಳು ಕಳುಹಿಸಿದ್ದು. ಹೊಸ ಕಂಬಳಿ, ಒಳ್ಳೆಯ ಬಟ್ಟೆಗಳನ್ನು ಹಂಚಿಯಾಗಿತ್ತು. ಉಳಿದದ್ದು ಯಾರೂ ಉಡಲಾಗದ್ದು: ಸೆರಗು ಹರಿದ ಸೀರೆ, ಗುಂಡಿಯಿಲ್ಲದ ಅಂಗಿ, ಕೂಸಿನ ಮೈಯಷ್ಟೇ ಇರುವ ಝರಿಯ ಲಂಗ. ಆಪಾ ಆ ರಾಶಿಯನ್ನು ಒಮ್ಮೆ ನೋಡಿ, ಮನೆಗೆ ಹೋಗಿ ಕತ್ತರಿ, ಸೂಜಿ, ದಾರದ ಉಂಡೆ ತಂದರು. ಆ ವಾರವೇ ಅವರಿಗೆ ಬಕ್ರೀದ್. ಹಬ್ಬದ ಊಟ ಮುಗಿಸಿ ಮತ್ತೆ ಬಂದು ಕುಳಿತರು. ನಾವು ಐವರೂ ಅವಳ ಚಾಪೆಯ ಸುತ್ತ ಕುಳಿತು ಹೊಲಿಯಲಾರಂಭಿಸಿದೆವು. ಅವಳನ್ನು ಹೊಲಿಯೆಂದು ಕರೆಯಲಿಲ್ಲ; ಅವಳಿರುವಲ್ಲಿಗೆ ಅಂಚನ್ನು ಚಾಚಿದೆವು.

ಎರಡು ದಿನ ಅವಳು ಸುಮ್ಮನೆ ನೋಡಿದಳು. ಮೂರನೆಯ ದಿನ ಸೂಜಿ ತೆಗೆದುಕೊಂಡು, ತನ್ನ ಪಾಲಿನ ಅಂಚನ್ನು ತೊಡೆಗೆ ಎಳೆದುಕೊಂಡು ಹೊಲಿಗೆ ಹಾಕತೊಡಗಿದಳು. ಒಂದು ಸಾಲು ಮುಗಿಯುವ ಹೊತ್ತಿಗೆ, ತಲೆಯೆತ್ತದೆ, "ಒಲೆ ಮೇಲೆ ಹಾಲಿಟ್ಟಿದ್ದೆ ಅಕ್ಕ" ಎಂದಳು. ನಾವು ಯಾರೂ ತಲೆಯೆತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಕರುವನ್ನು ಬಿಚ್ಚಿ ಬಿಟ್ಟದ್ದನ್ನು ಹೇಳಿದಳು. ಆಮೇಲೆ ಒಂದೊಂದಾಗಿ ಉಳಿದದ್ದು ಬಂದಿತು: ಗೋಡೆಯ ಮೇಲಿನ ಮಾವನವರ ಪಟ, ಬೀರುವಿನಲ್ಲಿ ಮಗಳ ಅಂಕಪಟ್ಟಿ, ಹೊಸ್ತಿಲಲ್ಲಿ ಬಿಟ್ಟ ಚಪ್ಪಲಿ. ಮನೆ ಹೋಯಿತೆಂಬ ಮಾತನ್ನು ಅವಳು ಆಡಲೇ ಇಲ್ಲ. ಹೋದ ಮನೆಯನ್ನು ಸಾಮಾನುಸಾಮಾನಾಗಿ ನಮ್ಮ ಮುಂದೆ ತೆಗೆದಿಟ್ಟಳು. ಸಂಜೆಗೆ ಅತ್ತು, ಊಟ ಮಾಡಿದಳು.

ಆ ಕೌದಿ ನಾವು ಹೊಲಿದವುಗಳಲ್ಲೆಲ್ಲ ಕುರೂಪಿ. ಬಣ್ಣಕ್ಕೆ ಬಣ್ಣ ಸೇರುವುದಿಲ್ಲ, ಸಾಲುಗಳು ಡೊಂಕು. ಯಾರು ಯಾವ ಊರಿನಲ್ಲಿ ಉಟ್ಟದ್ದೋ ತಿಳಿಯದು. ಹೊಟ್ಟೆಗೆ ಶಿಬಿರದಲ್ಲಿ ಹಂಚಿದ ಅಕ್ಕಿಯನ್ನೇ ಹಾಕಿದೆವು. 2020ರಲ್ಲಿ ಸಂತ್ರಸ್ತರಿಗಾಗಿ ಕಟ್ಟಿದ ಹೊಸ ಮನೆಗಳಲ್ಲಿ ಒಂದು ಅವಳಿಗೂ ಬಂದಿತು. ಪೇಟೆಯಿಂದ ದೂರ; ಎದುರಿಗೆ ಸಾಲು ಮನೆ, ಹಿಂದೆ ಕಾಫಿ ಗಿಡವಿಲ್ಲ. ಅಲ್ಲಿಯ ಮಂಚದ ಮೇಲೆ ಆ ಕುರೂಪಿ ಹಾಸಿದೆ. ಬೇರೊಂದು ಹೊಲಿದು ಕೊಡುತ್ತೇವೆಂದರೆ ಅವಳು ಒಪ್ಪುವುದಿಲ್ಲ.

ನಮ್ಮಂತೆ ಜಗತ್ತಿನಲ್ಲಿ ಇನ್ನಾರಿದ್ದಾರೆಂದು ಹುಡುಕುವ ಹವ್ಯಾಸ ಅಂಚೆಯಮ್ಮನದು. ಅಮೆರಿಕದ ಅಲಬಾಮಾ ಪ್ರಾಂತದಲ್ಲಿ ಗೀಸ್ ಬೆಂಡ್ ಎಂಬ ಊರಿದೆಯಂತೆ. ಅಲ್ಲಿಯ ಕರಿಯ ಜನಾಂಗದ ಹೆಂಗಸರು ಹೊಲದಲ್ಲಿ ಉಟ್ಟು ಸವೆದ ಬಟ್ಟೆಗಳಿಂದ ಹೊಲಿದ ಕೌದಿಗಳನ್ನು 2002ರಲ್ಲಿ ದೊಡ್ಡ ಕಲಾಶಾಲೆಗಳು ಗೋಡೆಗೆ ತೂಗುಹಾಕಿದವು. 2006ರಲ್ಲಿ ಆ ದೇಶದ ಅಂಚೆ ಇಲಾಖೆ ಅವುಗಳ ಚಿತ್ರವಿರುವ ಹತ್ತು ಅಂಚೆಚೀಟಿಗಳನ್ನೇ ಹೊರಡಿಸಿತು. ಇದನ್ನು ಹೇಳುವಾಗ ಅಂಚೆಯಮ್ಮನ ಮುಖ ನೋಡಬೇಕು. ಅಷ್ಟು ದೂರವೇಕೆ, ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಾಡುಗಳಲ್ಲಿ ಸಿದ್ದಿಯರಿದ್ದಾರೆ. ಆಫ್ರಿಕದಿಂದ ಶತಮಾನಗಳ ಹಿಂದೆ ತರಲ್ಪಟ್ಟವರ ಮಕ್ಕಳು. ಅವರ ಹೆಂಗಸರೂ ಅಂಚಿನಿಂದಲೇ ಒಳಕ್ಕೆ ಹೊಲಿಯುತ್ತಾರೆ, ಮೂಲೆಗಳಿಗೆ ಬಟ್ಟೆ ಮಡಿಸಿ ಹೂವು ಇಡುತ್ತಾರೆ. ಹೂವಿಲ್ಲದ ಕೌದಿ ಬತ್ತಲೆಯೆಂದು ಅವರ ಭಾವನೆ. ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಅವರ ನೆರವಿನಿಂದ 2004ರಲ್ಲಿ ಅವರದೊಂದು ಸಹಕಾರ ಸಂಘವಾಯಿತು. 2011ರಲ್ಲಿ ಅವರ ಕೌದಿಗಳು ನ್ಯೂಯಾರ್ಕಿನಲ್ಲಿ ಪ್ರದರ್ಶನಗೊಂಡವು. ಬೆಂಗಳೂರಿನ ಅಂಗಡಿಗಳಲ್ಲೂ ಈಗ ಕೌದಿಗೆ ಸಾವಿರಗಟ್ಟಲೆ ಬೆಲೆ. ಇವೆಲ್ಲ ಸಂತೋಷದ ಸಂಗತಿಗಳೇ. ಆದರೂ ಗೋಡೆಗೆ ತೂಗಿದ ಕೌದಿಯ ಚಿತ್ರ ನೋಡಿದಾಗ ಅತ್ತೆ ಕೇಳಿದ್ದು ಒಂದೇ ಮಾತು: "ಹಂಗಾದ್ರ ಅವರು ಏನು ಹೊಚ್ಚಿಕೋತಾರ?"

ಅತ್ತೆ 2022ರ ಮಾಘದಲ್ಲಿ ತೀರಿಕೊಂಡರು. ಕೊನೆಯ ಎರಡು ವರ್ಷ ಅವರಿಗೆ ನಾನು ಸೊಸೆಯೆಂಬುದು ತಿಳಿಯುತ್ತಿರಲಿಲ್ಲ. ಯಾರೋ ಬಹಳ ಉಪಕಾರಿ ಹೆಂಗಸೆಂದು ತಿಳಿದು, 'ಬರ್ರಿ, ಕುಂದರ್ರಿ' ಎಂದು ಮರ್ಯಾದೆಯಿಂದ ಮಾತನಾಡಿಸುತ್ತಿದ್ದರು. ಮೂವತ್ತು ವರ್ಷ ಜೊತೆಗಿದ್ದವರು ಬಹುವಚನದಲ್ಲಿ ಕರೆದಾಗ ಆಗುವ ನೋವು ಎಂಥದೆಂದು ನಾನು ಬುಧವಾರಗಳಲ್ಲಿ ಹೇಳಿದ್ದೇನೆ; ಅದನ್ನೂ ಯಾರೂ ತಲೆಯೆತ್ತದೆ ಕೇಳಿದ್ದಾರೆ. ಆದರೆ ಮಾವನವರ ಧೋತರದ ಕೌದಿಯನ್ನು ಮಾತ್ರ ಅವರು ಯಾರಿಗೂ ಬಿಟ್ಟುಕೊಡಲಿಲ್ಲ. ಅಂಚಿನ ಹೊಲಿಗೆ ಬಿಚ್ಚಿದರೆ ಬೆರಳಿನಿಂದ ತಡವಿ ತೋರಿಸುತ್ತಿದ್ದರು. ನಾನು ಹೊಲಿಯುವವರೆಗೆ ಸುಮ್ಮನಾಗುತ್ತಿರಲಿಲ್ಲ.

ಕೂಟದಲ್ಲೀಗ ನಾವು ಐವರು. ಅಂಚೆಯಮ್ಮನ ಕಾಯಿಲೆ ವಾಸಿಯಾಗಿದೆ. ಮಕ್ಕಂದೂರಿನವಳು ಎರಡು ಬಸ್ಸು ಬದಲಿಸಿ ಬರುತ್ತಾಳೆ. ಅಕ್ಕನಿಗೆ ಸೂಜಿಗೆ ದಾರ ಪೋಣಿಸುವುದು ಕಾಣುವುದಿಲ್ಲ. ಹತ್ತು ಸೂಜಿಗೆ ಪೋಣಿಸಿ ಅವರ ಮುಂದೆ ಚುಚ್ಚಿಟ್ಟರೆ ಮೂರು ಗಂಟೆಯ ಕೆಲಸ ನಡೆಯುತ್ತದೆ. ಸೊಸೆ ರಜೆಯಲ್ಲಿ ಬಂದಾಗ ಅಂಚಿನಲ್ಲಿ ಕೂರುತ್ತಾಳೆ. ಹೊಲಿಗೆ ಅಷ್ಟಕ್ಕಷ್ಟೆ, ಮಾತು ಚೆನ್ನಾಗಿದೆ. ಯಜಮಾನರು ಕಾಫಿ ಮಾಡುವುದನ್ನು ಕಲಿತು, ಐದು ಲೋಟ ತಂದಿಟ್ಟು, ಏನೂ ಕೇಳಿಸದವರಂತೆ ಹೋಗುತ್ತಾರೆ.

ನಮಗೆ ಲೋಕದಲ್ಲಿ ವೈರಿಯೆಂದರೆ ಒಬ್ಬನೇ, ಹಳೆಯ ಸೀರೆಗೆ ಸ್ಟೀಲ್ ಪಾತ್ರೆ ಕೊಡುವೆನೆಂದು ಬೀದಿಯಲ್ಲಿ ಕೂಗಿಕೊಂಡು ಬರುವವನು. ನಾಲ್ಕು ಸೀರೆಗೆ ಒಂದು ಡಬ್ಬಿ ಕೊಟ್ಟು ಒಂದು ಮನೆಯ ಇಪ್ಪತ್ತು ವರ್ಷಗಳನ್ನು ಕಟ್ಟಿಕೊಂಡು ಹೋಗುವ ಚತುರ. ವಾಚಕಿಯರಲ್ಲಿ ನನ್ನ ಬಿನ್ನಹವಿಷ್ಟೆ: ಮುಂದಿನ ಸಲ ಅವನು ಬಾಗಿಲಿಗೆ ಬಂದರೆ, ಡಬ್ಬಿ ಎಷ್ಟೇ ಹೊಳೆಯಲಿ, ಸೀರೆ ಕೊಡುವ ಮೊದಲು ಬೀದಿಯಲ್ಲಿ ಇನ್ನು ಮೂರು ಜನ ಹೆಂಗಸರನ್ನು ಕರೆದು ತೋರಿಸಿ. ನಾಲ್ವರಿದ್ದರೆ ಒಂದು ಕೌದಿಗೆ ಸಾಕು.